ಪಾಸ್‌ಪೋರ್ಟ್ ಒಪ್ಪಿಸಿದ ದಿನ

ಚೆನ್ನೈ, ಮಂಗಳವಾರ

ಅತ್ತೆಯವರಿಗೆ ಯೋಗಮಣಿಯ ನಮಸ್ಕಾರ. ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಪಾವಗಡಕ್ಕೆ ಈ ಕಾರ್ಡು.

ನನ್ನ ಶ್ರೀಲಂಕಾ ಪಾಸ್‌ಪೋರ್ಟನ್ನು ಇವತ್ತು ಇಲ್ಲಿರುವ ಆ ದೇಶದ ಕಚೇರಿಯಲ್ಲಿ ಒಪ್ಪಿಸಿದೆ. ಅಲ್ಲಿಯ ಪೌರತ್ವ ಬಿಡುವ ಪತ್ರಕ್ಕೆ ಸಹಿ ಹಾಕುವ ಮುಂಚೆ ಅಧಿಕಾರಿ, "ಊರಲ್ಲಿ ತಾಯಿ ಇದ್ದಾರಲ್ಲ, ಇನ್ನು ಅವರನ್ನು ನೋಡಲಿಕ್ಕೂ ವೀಸಾ ಬೇಕು, ಗೊತ್ತಾ?" ಎಂದರು. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ನಮ್ಮ ವಕೀಲರು ಗಗನಾ ಮೇಡಂ ಮೆಲ್ಲಗೆ, "ಮನಸ್ಸಿಲ್ದಿದ್ರೆ ಎದ್ದು ಹೋಗಣ ಕಣಮ್ಮ. ಆದ್ರೆ ನಿಮ್ಮೆಜಮಾನ್ರು ಇಲ್ಲ, ಮುಂದಿನ್ ಸಲ ಇಲ್ಲಿರಕ್ಕೆ ವೀಸಾ ಸಿಗ್ತದೆ ಅಂತ ನಾನು ಹೇಳಕ್ಕಾಗಲ್ಲ" ಎಂದರು.

"ನಿಮ್ಮಮ್ಮನ್ನ ಒಂದ್ಮಾತು ಕೇಳ್ಬುಟ್ಟು ಸೈನ್ ಹಾಕು" ಅಂದಿದ್ದಿರಲ್ಲ ನೀವು. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅವಳು, "ಗಂಡನೂ ಹೋದ. ಅಲ್ಲಿ ನಿನಗೆ ಯಾರಿದ್ದಾರೆ?" ಎಂದಳು.

"ಮಗಳಿದ್ದಾಳೆ, ಅತ್ತೆ ಇದ್ದಾರೆ" ಎಂದೆ.

"ಹಾಗಾದರೆ ಹಾಕು."

ಒಳಗೆ ಹೋಗಿ ಹಾಕಿದೆ. ಕತ್ತರಿ ತಂದು ಪಾಸ್‌ಪೋರ್ಟಿನ ಮೂಲೆ ಕತ್ತರಿಸಿಬಿಟ್ಟರು.

ಭಾರತದ ಪೌರತ್ವಕ್ಕೆ ಒಪ್ಪಿಗೆ ಬಂದಿದ್ದರೂ ಸರ್ಟಿಫಿಕೇಟ್ ಕೈಗೆ ಸಿಗುವವರೆಗೆ ನಾನು ಯಾವ ದೇಶದವಳೂ ಅಲ್ಲವಂತೆ. ಹೆದರಬೇಡಿ ಎನ್ನುತ್ತಾರೆ ಮೇಡಂ. ಅಕ್ಷರ ಸೊಟ್ಟಗಿದ್ದರೆ ಮಗಳು ಅನುಷಾಳಿಂದ ಓದಿಸಿ. ಪೌರತ್ವ ಬಿಟ್ಟಿದ್ದಕ್ಕೆ ಈ ಕಚೇರಿಯ ಕಾಗದ ಸಿಗುವವರೆಗೆ ಚೆನ್ನೈಯಲ್ಲೇ ಇರಬೇಕು. ಬಿ.ಪಿ. ಮಾತ್ರೆ ಬಿಡಬೇಡಿ. ಪೊಲೀಸಿನವರು ಪೌರತ್ವದ ವಿಚಾರಣೆಗೆ ಬಂದು ನಾನು ಯಾರೆಂದು ಕೇಳಿದರೆ ಸೊಸೆ ಅನ್ನಿ, ಸಾಕು.

ಯೋಗಮಣಿ