ನಗುವ ಮುಖ ಒತ್ತಿದವಳಿಗೆ

ಅಮ್ಮಾ,

ನೀನು ಹಾಲು ತರುವಷ್ಟರಲ್ಲಿ ಹೊರಟಿರುತ್ತೇನೆ. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಒಗೆದ ಬಟ್ಟೆ ಬಕೆಟ್‌ನಲ್ಲಿದೆ, ಹರವಿಬಿಡು.

ಹೊರಗೆ ಹೋಗುವ ಹೆದರಿಕೆ ಇಳಿದರೆ ಕರುಳೂ ಸುಮ್ಮನಾಗುತ್ತದೆ ಅಂತ ಡಾಕ್ಟರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರಲ್ಲ, ಅದು ಇವತ್ತು ನನಗೆ ಅಭಿನಂದನೆ ಹೇಳಿತು. ಪ್ರತಿ ಸಂಜೆ "ಹೊಟ್ಟೆ ಹೇಗಿದೆ?" ಅಂತ ಅದು ಕೇಳುವಾಗ ನಾನು ಟಾಯ್ಲೆಟ್‌ನಲ್ಲಿರುತ್ತಿದ್ದೆ. ಹೊರಗಿದ್ದ ಫೋನಿನಲ್ಲಿ ನಗುವ ಮುಖ ಒತ್ತುತ್ತಿದ್ದವಳು ನೀನು. "ಅಳೋ ಮುಖ ಒತ್ತೋಕೆ ಕೈನೇ ಬರಲ್ಲ ಕಣೇ" ಅಂತ ನಿನ್ನೆ ಚಿಕ್ಕಮ್ಮನಿಗೆ ಹೇಳುತ್ತಿದ್ದೆಯಲ್ಲ, ಕೇಳಿಸಿತು.

ಪಾಪ, ಆ ಆ್ಯಪ್ ನಿನ್ನನ್ನು ನಂಬಿ ಒಂದೊಂದೇ ಪಾಠ ದಾಟಿಸಿ ನನ್ನನ್ನು ಕೊನೆಯ ಪಾಠಕ್ಕೆ ತಂದು ನಿಲ್ಲಿಸಿದೆ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಅಂತ ಹುಡುಕದೆ ಬಸ್ಸಿನಲ್ಲಿ ಹೋಗಬೇಕಂತೆ. ನಾನಿನ್ನೂ ಮೂಲೆಯಂಗಡಿಗೇ ನೆಟ್ಟಗೆ ಹೋಗಿ ಬಂದವಳಲ್ಲ. ಮೊದಲ ಪಾಠಕ್ಕೆ ವಾಪಸ್ ಹೋಗಲು ನೋಡಿದೆ, ದಾರಿಯೇ ಸಿಗಲಿಲ್ಲ.

ಗ್ರಂಥಾಲಯದ ಸಂದರ್ಶನವೂ ಇವತ್ತೇ. ಕೆಲಸ ಸಿಗುತ್ತದೆಂಬ ಆಸೆಯಿಲ್ಲ, ಅಲ್ಲಿಯವರೆಗೆ ಬಸ್ಸಿನಲ್ಲಿ ಕೂತಿರುತ್ತೇನೆಂಬ ನಂಬಿಕೆಯೂ ಇಲ್ಲ. ನೀನು ಇಸ್ತ್ರಿ ಮಾಡಿದ್ದನ್ನೇ ಹಾಕಿಕೊಂಡಿದ್ದೇನೆ. ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿದೆ.

ಸಿಟ್ಟು ಬಂದಿದೆ ಅಮ್ಮಾ, ಬೈಯಲು ಮಾತ್ರ ಬಾಯಿ ಬರುತ್ತಿಲ್ಲ. ಅದಕ್ಕೆಂದು ನೀನು ತಿಂಡಿ ಬಿಟ್ಟು ಕೂರಬೇಡ.

ಫೋನು ಜೊತೆಗಿದ್ದರೆ ದಾರಿಯುದ್ದಕ್ಕೂ ಅದರಲ್ಲಿ ಶೌಚಾಲಯ ಹುಡುಕುತ್ತೇನೆಂದು ಇಲ್ಲೇ ಬಿಟ್ಟಿದ್ದೇನೆ. ಸಂಜೆ ಅದು ಕೇಳಿದರೆ ಏನನ್ನೂ ಒತ್ತಬೇಡ. ಬಾಗಿಲಿಗೆ ಚಿಲಕ ಹಾಕಬೇಡ, ಅರ್ಧ ದಾರಿಯಿಂದಲೇ ಓಡಿ ಬಂದೇನು. ಬಂದಾಗ ಹೇಗಾಯ್ತು ಅಂತ ಕೇಳಬೇಡ. ನನ್ನ ಮುಖ ನೋಡು, ಸಾಕು.