ಮುರಗೆಪ್ಪ ಹೊರಡಿಸದ ಹಡಗು

ಮುಂಬಯಿ
೧೨ ನವೆಂಬರ್ ೧೯೮೩

ಅಕ್ಕ ಶಿವವ್ವನಿಗೆ ತಮ್ಮ ಚನಮಲ್ಲಪ್ಪನ ಶರಣು.

ದೀಪಾವಳಿಗೆ ಗಲಗಲಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ, ಪತ್ರವನ್ನೂ ಹಾಕಲಿಲ್ಲ. ಸಿಟ್ಟಾಗಬೇಡ. ಹೊಳೆ ಇಳಿಯಿತೇ? ಕಬ್ಬು ಮುಧೋಳದ ಕಾರ್ಖಾನೆಗೆ ಹೊರಟಿತೇ? ನನಗೆ ತಡವಾದದ್ದು ಒಂದು ಹಡಗಿನಿಂದ.

ಸಮುದ್ರಕ್ಕೆ ಹೊರಡುವ ಹಡಗುಗಳನ್ನು ತಪಾಸಣೆ ಮಾಡಿ ಅಪ್ಪಣೆ ಕೊಡುವುದು ಈಗ ನನ್ನ ಸರಕಾರಿ ಕೆಲಸವೆಂದು ನಿನಗೆ ಗೊತ್ತು. ಹಬ್ಬದ ಮುನ್ನಾದಿನ ಒಂದು ಹಡಗು ಹತ್ತಿದರೆ, ಎದುರಿಗೆ ಕ್ಯಾಪ್ಟನ್ ಆಗಿ ನಿಂತವನು ನಮ್ಮ ಮುರಗೆಪ್ಪ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯ ಮಗ. ನೌಕಾ ಕಾಲೇಜಿನಲ್ಲಿ ನಾನು ಪಾಠ ಹೇಳಿದ ಮೊದಲ ತಂಡದ ಹುಡುಗ. ಸಮುದ್ರವನ್ನೇ ಕಾಣದೆ ಬಂದವನು. ನಾನೂ ಹಾಗೆಯೇ ಹೋದವನಲ್ಲವೇ? ಅವನ ಹೆಗಲ ಮೇಲಿನ ಬಂಗಾರದ ಪಟ್ಟಿಗಳನ್ನು ಕಂಡು ಎದೆಯುಬ್ಬಿತು.

ಆದರೆ ಜೀವ ಉಳಿಸುವ ದೋಣಿಯನ್ನು ಇಳಿಸಿ ತೋರಿಸಿರೆಂದಾಗ ಅದು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ರಾಟೆಗಳು ತುಕ್ಕು ಹಿಡಿದಿದ್ದವು. ಮಾಲೀಕರ ಕಡೆಯವನು, ತಿರುಗಿ ಬಂದ ಮೇಲೆ ರಿಪೇರಿ ಮಾಡಿಸುತ್ತೇವೆ, ಈಗ ಸಹಿ ಹಾಕಿ ಎಂದು ಗಂಟುಬಿದ್ದ. ನನಗೆ ಮೇಲಿನವರ ಫೋನೂ ಬಂತು. ಮುರಗೆಪ್ಪನಿಗೆ ಮಾಲೀಕರು, ಹಡಗು ಹೊರಡದಿದ್ದರೆ ನಿನ್ನ ನೌಕರಿ ಹೋಯಿತೆಂದು ತಿಳಿ ಎಂದರು. ಅವನು ಸಣ್ಣ ಮಕ್ಕಳ ತಂದೆ. ನಾನು ಅವನ ಮುಖ ನೋಡಿದೆ. ಅವನು ನಮ್ಮ ಕಡೆಯ ಮಾತಿನಲ್ಲೇ ಹೇಳಿದ:

“ಈ ದೋಣಿ ನಂಬಿ ಮಂದೀನ ಒಯ್ಯಾಂಗಿಲ್ರಿ, ಸರ. ನೀವು ಸಹಿ ಹಾಕಿದ್ರೂ ನಾ ಹಡಗ ಹೊರಡಸೂದಿಲ್ಲ.”

ಅಕ್ಕಾ, ನಾನು ಹಡಗು ನಡೆಸಿದ ಅಷ್ಟೂ ವರ್ಷಗಳಿಗಿಂತ, ಈಗಿನ ಈ ಅಧಿಕಾರಕ್ಕಿಂತ, ಆ ಒಂದು ಮಾತು ನನಗೆ ಹೆಚ್ಚೆನಿಸಿತು. ಹಡಗನ್ನು ತಡೆಹಿಡಿದು ಆದೇಶ ಬರೆದೆ. ರಾಟೆ ಬದಲಿಸುವವರೆಗೆ ಅದು ಬಂದರಿನಲ್ಲೇ ನಿಂತಿತು. ಮೊನ್ನೆ ದೋಣಿ ಸರಾಗವಾಗಿ ನೀರಿಗಿಳಿಯಿತು.

ಆದರೆ ಹಡಗು ಹೊರಟದ್ದು ಬೇರೆ ಕ್ಯಾಪ್ಟನ್ ಜೊತೆ. ಮುರಗೆಪ್ಪನನ್ನು ಕೆಲಸದಿಂದ ತೆಗೆದರು. ಸುದ್ದಿ ತಿಳಿದು ಕಾಲೇಜಿನವರೇ ಅವನನ್ನು ಕರೆಸಿ ಮಾಸ್ತರಿಕೆ ಕೊಟ್ಟಿದ್ದಾರೆ. ನಾನು ನಿಂತು ಹೇಳುತ್ತಿದ್ದ ಕೋಣೆಯಲ್ಲೇ ಸೋಮವಾರದಿಂದ ಅವನ ಪಾಠ. ಕೇಳಲು ಹಿಂದಿನ ಬೆಂಚಿನಲ್ಲಿ ನಾನೂ ಕೂರುವವನಿದ್ದೇನೆ.

ನಿನ್ನ ಮಗಳು ತಾಯವ್ವನಿಗೂ ಅವಳ ಮಕ್ಕಳಿಗೂ ಒಳ್ಳೆಯದಾಗಲಿ. ನಿನ್ನ ಹರಕೆ ನನ್ನ ಮೇಲಿರಲಿ.

ನಿನ್ನ ತಮ್ಮ,
ಚನಮಲ್ಲಪ್ಪ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆಯದೆ ಇರಲಾಗಲಿಲ್ಲ. ಮೊನ್ನೆ ದೋಣಿ ಇಳಿಯುವಾಗ, ಅದರಲ್ಲಿ ಕೂತ ಹುಡುಗರ ನಡುವೆ ನಿನ್ನ ರಾಮಣ್ಣನನ್ನು ಹುಡುಕುತ್ತಿದ್ದೆ. ಸೋದರಮಾವನನ್ನು ನೋಡಿಯೇ ಹಡಗು ಸೇರಿದ ಮಗ. ಅವನ ಹಡಗು ಮುಳುಗಿದ ದಿನ ದೋಣಿ ಇಳಿಯಲಿಲ್ಲ. ಆ ಸುದ್ದಿ ಹೊತ್ತು ಊರಿಗೆ ಬಂದ ನಾನು, ಇನ್ನು ಸಮುದ್ರದ ಸಹವಾಸವೇ ಬೇಡವೆಂದಾಗ ನೀನು ಹೇಳಿದ್ದೆ: “ಹಡಗ ಬಿಡು, ತಮ್ಮಾ. ಆದ್ರ ಮಂದಿ ಮಕ್ಕಳಿಗೆ ದೋಣಿ ಇಳಸೂದ ಕಲಸು.” ಅಂದು ನೀನು ಅಳಲಿಲ್ಲ, ಹಾಗಾಗಿ ನಾನೂ ಅಳಲಿಲ್ಲ. ಮೊನ್ನೆ ಬಂದರಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆಯೇ, ಅತ್ತುಬಿಟ್ಟೆ.