ಒಂದೇ ದುರ್ಬೀನಿನ ಸಂಘ

ದ್ವೀಪದ ಅತಿಥಿಗೃಹ, ಕೋಣೆ ಮೂರು
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಮಾನ್ಯ ಅಧ್ಯಕ್ಷರೇ, ನೆರೆದ ಮಹಾಜನರೇ, ನೆರೆಯದ ಸಜ್ಜನರೇ,

ನಮ್ಮ ಪಕ್ಷಿವೀಕ್ಷಕರ ಸಂಘದ ಹತ್ತೊಂಬತ್ತನೆಯ ವಾರ್ಷಿಕ ವರದಿಯನ್ನು ಸಭೆಯ ಮುಂದಿಡಲು ಹರ್ಷಪಡುತ್ತೇನೆ. ಸಂಘದ ಒಟ್ಟು ಸದಸ್ಯರು ಇಬ್ಬರು: ಅಧ್ಯಕ್ಷರಾದ ನೀವು, ಕಾರ್ಯದರ್ಶಿಯಾದ ನಾನು, ಅಂದರೆ ನಿಮ್ಮ ಹೆಂಡತಿ. ಅಧ್ಯಕ್ಷರು ಎಂಟು ತಿಂಗಳ ಹಿಂದೆ ಬೇರೆ ಮನೆ ಮಾಡಿರುವುದರಿಂದ ಈ ಸಲದ ಪ್ರವಾಸಕ್ಕೆ ಹಾಜರಾತಿ ಒಂದು. ಕೋಣೆ ಮಾತ್ರ ಹೋದ ವರ್ಷವೇ ಇಬ್ಬರ ಹೆಸರಲ್ಲಿ ಕಾದಿರಿಸಿದ್ದು.

ಹೀಗಾಗಿ ಇಲ್ಲಿ ಎಲ್ಲವೂ ಜೋಡಿ. ಎರಡು ಮಂಚ, ಎರಡು ಟವೆಲು, ಎರಡು ಸೋಪು. ಒಂದು ಮಂಚದಲ್ಲಿ ನಾನು ಮಲಗುತ್ತೇನೆ, ಇನ್ನೊಂದರಲ್ಲಿ ನಮ್ಮ ಹಕ್ಕಿ ಪುಸ್ತಕ ಮಲಗುತ್ತದೆ. ಅದು ಗೊರಕೆ ಹೊಡೆಯುವುದಿಲ್ಲ ಎಂಬುದನ್ನು ಸಭೆ ಗಮನಿಸಬೇಕು. ಅಡುಗೆಯಾಕೆ ದಿನಾ ಎರಡು ಲೋಟ ಚಹಾ ತಂದಿಟ್ಟು, "ಯಜಮಾನ್ರು ಇನ್ನೂ ಬರ್ಲಿಲ್ವಾ ಅಮ್ಮ?" ಅನ್ನುತ್ತಾಳೆ. ಮೊದಲ ದಿನ, "ನಾಳೆ ದೋಣೀಲಿ ಬರ್ತಾರೆ" ಅಂದುಬಿಟ್ಟೆ. ಈಗ ನಾಲ್ಕು ನಾಳೆಗಳಾದವು. ಎರಡೂ ಲೋಟ ನಾನೇ ಕುಡಿಯುತ್ತೇನೆ.

ಇನ್ನು ಮುಖ್ಯ ವಿಷಯ, ಕೆಂಪುಬಾಲದ ಕಡಲಹಕ್ಕಿ. ಹತ್ತೊಂಬತ್ತು ವರ್ಷ ನಾವು ಪುಸ್ತಕದ ನಲವತ್ತೇಳನೆಯ ಪುಟದಲ್ಲಷ್ಟೇ ನೋಡಿದ್ದು. ಸಾಮಾನು ಹಂಚಿಕೊಂಡ ದಿನ ನೆನಪಿದೆಯಲ್ಲ? ಮಿಕ್ಸಿ, ಬೀರು, ಕುಕ್ಕರು, ಯಾವುದಕ್ಕೂ ಜಗಳವಾಗಲಿಲ್ಲ. ದುರ್ಬೀನಿಗೆ ಆಯಿತು. "ನಾನು ತೋರಿಸದೆ ನೀನು ಒಂದು ಕಾಗೇನಾದ್ರೂ ನೋಡಿದೀಯೇನೇ?" ಅಂದಿರಿ. "ನಿಮ್ಮ ಹಂಗಿಲ್ದೆ ಆ ಕೆಂಪುಬಾಲಾನೇ ನೋಡಿ ಕಾಗದ ಬರೀತೀನಿ, ಓದ್ಕೊಳ್ಳಿ" ಅಂದು ದುರ್ಬೀನನ್ನು ಕೊರಳಿಗೆ ಹಾಕಿಕೊಂಡೆ. ಇಗೋ ಕಾಗದ.

ನಿನ್ನೆ ಬೆಳಿಗ್ಗೆ ದೋಣಿಯವನು ಕಡಲ ನಡುವಿನ ಬಂಡೆಯ ಪಕ್ಕ ದೋಣಿ ನಿಲ್ಲಿಸಿದ. ಅವನು ಹಿಂದೆ, ಎಂಜಿನ್ ಹತ್ತಿರ. ನಾನು ಮುಂದಿನ ಹಲಗೆಯ ಬಲತುದಿಯಲ್ಲಿ. ಎಡಕ್ಕೆ ಒಬ್ಬರು ಕೂರುವಷ್ಟು ಜಾಗ. ಬಂತು ನೋಡಿ! ಹಾಲಿನಂಥ ಮೈ, ಕಾಡಿಗೆ ತೀಡಿದಂಥ ಕಣ್ಣು, ಹವಳದಂಥ ಕೊಕ್ಕು, ಬಾಲದಲ್ಲಿ ನೀಳವಾದ ಎರಡು ಕೆಂಪು ಗರಿ. ಕಂಡೆ, ಕಣ್ತುಂಬ ಉಂಡೆ. ‘ಕಂಡವರು ಕೊಡಬೇಕು, ಕೊಂಡವರು ನೋಡಬೇಕು’ ಎಂಬುದು ಸಂಘದ ಏಕೈಕ ನಿಯಮ. ಬರಿಗಣ್ಣಿಗೆ ಹಕ್ಕಿ ಮೊದಲು ಕಂಡವರು ದುರ್ಬೀನನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಸದಸ್ಯರ ಕೊರತೆಯಿಂದಾಗಿ ಅದು ಈಗ ರದ್ದು. ಪೂರಾ ಹೊತ್ತು ನಾನೊಬ್ಬಳೇ ನೋಡಿದೆ. ಹಾಯಾಗಿತ್ತು.

ಇವತ್ತು ದೋಣಿ ಹತ್ತಲಿಲ್ಲ. ಬಿಸಿಲು ಜಾಸ್ತಿ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಬರಿಗಣ್ಣಲ್ಲೇ ಕಡಲು ನೋಡುತ್ತಿದ್ದೇನೆ. ದೂರ ಹೋದರೆ ಯಾವ ಹಕ್ಕಿಯೂ ಒಂದು ಚುಕ್ಕಿ. ಅದೂ ಚೆನ್ನಾಗಿಯೇ ಇದೆ.

ವರದಿಯನ್ನು ಅಂಗೀಕರಿಸಬೇಕೆಂದು ಸಭೆಯನ್ನು ಕೋರುತ್ತೇನೆ. ಕೈ ಎತ್ತಿದವರು: ಒಬ್ಬರು.

ಇಂತಿ,
ಕಾರ್ಯದರ್ಶಿ

ತಾ.ಕ.: ರೀ, ಮೇಲೆ ಬರೆದದ್ದು ಸುಳ್ಳು. ಕಾಡಿಗೆ, ಹವಳ, ಗರಿ ಎಲ್ಲ ನಲವತ್ತೇಳನೆಯ ಪುಟದ್ದು. ಬಂಡೆಯಿಂದ ಬೆಳ್ಳಗೆ ಏನೋ ಎದ್ದದ್ದು ಕಂಡದ್ದೇ ತಡ, ಕೊರಳಿಂದ ದುರ್ಬೀನು ತೆಗೆದೆ, ಅತ್ತಲಿಂದ ಕಣ್ಣು ಕೀಳದೆಯೇ ಎಡಕ್ಕೆ ಚಾಚಿದೆ, ಕೈ ಬಿಟ್ಟೆ. ಹಲಗೆಗೆ ಬಡಿದು ನೀರಿಗೆ ಬಿತ್ತು. ಬಗ್ಗಿ ನೋಡಿ ತಲೆ ಎತ್ತುವಷ್ಟರಲ್ಲಿ ಹಕ್ಕಿಯೂ ಇರಲಿಲ್ಲ.

"ಯಾರಿಗೆ ಕೊಟ್ರಿ ಅಕ್ಕ?" ಅಂದ ದೋಣಿಯವನು.

ನೀವು ಹಿಡ್ಕೊಳ್ತೀರಿ ಅಂದ್ಕೊಂಡೆ ರೀ.